ಘಟಪ್ರಭೆಯ ದಂಡೆಗೆ ಬಂದ ಜನರಲ್ ಮನ್ರೋ

ಗೋಕಾಕದ ಬಳಿ ಸುಮಾರು 170 ಅಡಿ ಎತ್ತರದಿಂದ ಧುಮುಕುವ ಘಟಪ್ರಭೆಯನ್ನು ನೋಡಲು ಮಳೆಗಾಲದಲ್ಲಿ ನಾಡಿನ ಎಲ್ಲ ಕಡೆಯಿಂದ ಜನ ಬರುತ್ತಾರೆ. ಅಲ್ಲಿಂದ ಒಂದು ದಿಕ್ಕಿಗೆ ನಡೆದರೆ ಆದಿಲಶಾಹಿ ಕಾಲದ ಗುಂಬಜಗಳ ಊರು ಹುಕ್ಕೇರಿ. ಇನ್ನೊಂದು ದಿಕ್ಕಿನಲ್ಲಿ ಶಿವಬೋಧರಂಗ ಮಠದ ಊರು ಮೂಡಲಗಿ. ಗೋಕಾಕ ತಾಲ್ಲೂಕಿನಲ್ಲಿದ್ದ ಮೂಡಲಗಿ ಈಗ ತಾನೇ ಒಂದು ತಾಲ್ಲೂಕು. ಜೋಳ, ಕಬ್ಬು, ಗೋವಿನಜೋಳ ಬೆಳೆಯುವ ಈ ಸೀಮೆ ಬ್ರಿಟಿಷರ ವಶವಾದದ್ದು ಹೇಗೆ ಎಂದು ಕೇಳಿದರೆ ಹೆಚ್ಚಿನವರ ಬಾಯಲ್ಲಿ ಬರುವ ಉತ್ತರ ಕಿತ್ತೂರಿನದು. ಆದರೆ ಕಿತ್ತೂರಿನ ಕದನ ನಡೆದದ್ದು 1824ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ, 1818ರ ಬೇಸಿಗೆಯ ಹೊತ್ತಿಗೆ, ಮಲಪ್ರಭೆಯಿಂದ ಕೃಷ್ಣೆಯವರೆಗಿನ ನಾಡು ಪೇಶ್ವೆಯ ಹಿಡಿತದಿಂದ ಜಾರಿ ಈಸ್ಟ್ ಇಂಡಿಯಾ ಕಂಪನಿಯ ನೆರಳಿಗೆ ಬಂದಿತ್ತು.

ಆ ಕೆಲಸ ಮಾಡಿದವನು ಥಾಮಸ್ ಮನ್ರೋ. ಕಂಪನಿಯ ಮದ್ರಾಸ್ ಸೈನ್ಯದ ಹಿರಿಯ ಅಧಿಕಾರಿಯಾದ ಈತ ಸೈನಿಕನಾಗಿ ಬಂದು ಕಂದಾಯ ಅಧಿಕಾರಿಯೆಂದು ಹೆಸರಾದವನು. ಮುಪ್ಪು ಹತ್ತಿರವಾದಾಗ ಮತ್ತೆ ಕತ್ತಿ ಹಿಡಿದವನು. ಅವನು ಈ ಸೀಮೆಯನ್ನು ಗೆದ್ದ ರೀತಿಯೂ ಸಾಧಾರಣವಾದುದಲ್ಲ. ದೊಡ್ಡ ಸೈನ್ಯವಿಲ್ಲದೆ, ಬಹುಮಟ್ಟಿಗೆ ಇಲ್ಲಿಯ ಜನರ ಕೈಯಿಂದಲೇ ಅವನು ಇಲ್ಲಿಯ ಕೋಟೆಗಳನ್ನು ಬಿಡಿಸಿಕೊಂಡ. ಇದು ಹೇಗೆ ಸಾಧ್ಯವಾಯಿತು, ಮುಂದೆ ಇದರ ಫಲವೇನಾಯಿತು ಎಂಬುದು ಉತ್ತರ ಕರ್ನಾಟಕದ ಇತಿಹಾಸದಲ್ಲಿ ಗಮನಿಸಬೇಕಾದ ಒಂದು ಅಧ್ಯಾಯ.

ಗ್ಲಾಸ್ಗೋದಿಂದ ಮದ್ರಾಸಿಗೆ

ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ತಂದೆ ವ್ಯಾಪಾರಿ. ಅಮೆರಿಕದ ವಸಾಹತುಗಳು ಇಂಗ್ಲೆಂಡಿನ ಮೇಲೆ ದಂಗೆಯೆದ್ದಾಗ ಆ ವ್ಯಾಪಾರ ಮುಳುಗಿತು. ಮನೆಯ ಸ್ಥಿತಿ ಕೆಟ್ಟ ಮೇಲೆ ಮಗ ಕಂಪನಿಯ ಸೈನ್ಯಕ್ಕೆ ಕೆಡೆಟ್ ಆಗಿ ಸೇರಿ, 1780ರ ಜನವರಿಯಲ್ಲಿ ಮದ್ರಾಸಿಗೆ ಬಂದಿಳಿದ. ಆಗ ಅವನಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಅದೇ ವರ್ಷ ಹೈದರ್ ಅಲಿ ಕರ್ನಾಟಕ ಘಾಟಿನ ಕೆಳಗೆ ದಂಡೆತ್ತಿ ಬಂದ. ಪೊಳ್ಳಿಲೂರಿನಲ್ಲಿ ಕಂಪನಿಯ ಒಂದು ಪಡೆ ಸಂಪೂರ್ಣ ನಾಶವಾಯಿತು. ಹೀಗೆ ಮನ್ರೋನ ಸೈನಿಕ ಶಿಕ್ಷಣ ಶುರುವಾದದ್ದು ಸೋಲಿನ ಪಾಠದಿಂದ. ಮೈಸೂರಿನ ಸೈನ್ಯದ ಬಗೆಗೆ ಅವನಿಗೆ ಕೊನೆಯವರೆಗೂ ಗೌರವವಿತ್ತು.

ಟಿಪ್ಪುವಿನೊಡನೆ 1790ರಿಂದ 1792ರವರೆಗೆ ನಡೆದ ಯುದ್ಧದ ನಂತರ ಬಾರಾಮಹಲ್ ಸೀಮೆ, ಅಂದರೆ ಈಗಿನ ಸೇಲಂ-ಕೃಷ್ಣಗಿರಿ ಭಾಗ, ಕಂಪನಿಗೆ ಬಂತು. ಅಲ್ಲಿಯ ಕಂದಾಯ ನೋಡಲು ದೇಶಭಾಷೆ ಬಲ್ಲ ಅಧಿಕಾರಿಗಳು ಬೇಕಿದ್ದರು. ಸಿವಿಲ್ ನೌಕರರಲ್ಲಿ ಅಂಥವರು ಸಿಗದೆ, ಕ್ಯಾಪ್ಟನ್ ರೀಡ್ ಎಂಬ ಸೈನ್ಯಾಧಿಕಾರಿಯನ್ನೂ ಅವನ ಕೈಕೆಳಗೆ ಮನ್ರೋನನ್ನೂ ನೇಮಿಸಲಾಯಿತು. ಅಲ್ಲಿಂದ ಮುಂದಿನ ಇಪ್ಪತ್ತೈದು ವರ್ಷ ಮನ್ರೋನ ಕೈಯಲ್ಲಿ ಇದ್ದದ್ದು ಹೆಚ್ಚಾಗಿ ಜಮಾಬಂದಿಯ ಲೆಕ್ಕ. ಸೈನ್ಯದಲ್ಲಿ ಅವನ ಹುದ್ದೆ ಹಿರಿತನದ ಮೇಲೆ ಏರುತ್ತ ಹೋಯಿತು. ಆದರೆ ರಣರಂಗ ದೂರವಾಯಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವನನ್ನು ಕನ್ನಡ ಜಿಲ್ಲೆಗೆ ಮೊದಲ ಕಲೆಕ್ಟರನಾಗಿ ಕಳಿಸಿದರು. ಕರಾವಳಿಯ ಮಳೆ ಅವನಿಗೆ ಒಗ್ಗಲಿಲ್ಲ. ಅಲ್ಲಿ ಎದ್ದ ವಿಟ್ಲದ ಅರಸರ ದಂಗೆಯನ್ನು ಕಠಿಣವಾಗಿ ಅಡಗಿಸಿದ. 1800ರ ಕೊನೆಗೆ ನಿಜಾಮ ಬಿಟ್ಟುಕೊಟ್ಟ ಬಳ್ಳಾರಿ, ಅನಂತಪುರ, ಕಡಪ, ಕರ್ನೂಲು ಭಾಗಗಳ ‘ದತ್ತಮಂಡಲ’ಕ್ಕೆ ಮುಖ್ಯ ಕಲೆಕ್ಟರನಾದ. ಅಲ್ಲಿ ಎಂಬತ್ತರಷ್ಟು ಪಾಳೆಯಗಾರರಿದ್ದರು. ಏಳು ವರ್ಷಗಳಲ್ಲಿ ಅವರ ಬಲವನ್ನು ಮುರಿದು, ಮಧ್ಯಸ್ಥರನ್ನು ಬಿಟ್ಟು ಸರ್ಕಾರ ನೇರವಾಗಿ ರೈತನೊಡನೆ ಕಂದಾಯ ಗೊತ್ತುಮಾಡಿಕೊಳ್ಳುವ ಪದ್ಧತಿಯನ್ನು ನೆಲೆಗೊಳಿಸಿದ. ಇದೇ ಮುಂದೆ ರೈತವಾರಿ ಎಂದು ಪ್ರಸಿದ್ಧವಾಯಿತು. ಅವನ ಎರಡು ನಂಬಿಕೆಗಳು ಗಟ್ಟಿಯಾದದ್ದು ಇಲ್ಲಿ. ರೈತನನ್ನು ಒಲಿಸಿಕೊಂಡವನಿಗೆ ನಾಡು ಒಲಿಯುತ್ತದೆ ಎಂಬುದು ಒಂದು. ರೈತನಿಗೂ ಸರ್ಕಾರಕ್ಕೂ ನಡುವೆ ನಿಂತ ಸಂಸ್ಥಾನಿಕನಿಂದ ಇಬ್ಬರಿಗೂ ನಷ್ಟ ಎಂಬುದು ಇನ್ನೊಂದು. ಬೆಳಗಾವಿ ಸೀಮೆಯ ಕಥೆಗೆ ಈ ಎರಡೂ ಬೇಕಾಗುತ್ತವೆ.

ಪುಣೆಯ ಒಪ್ಪಂದ, ಧಾರವಾಡದ ಕಮಿಷನರ್

ಆ ಕಾಲಕ್ಕೆ ಬೆಳಗಾವಿ, ಧಾರವಾಡ, ಬಾದಾಮಿ ಭಾಗಗಳು ಪುಣೆಯ ಪೇಶ್ವೆಯ ಆಡಳಿತದಲ್ಲಿದ್ದವು. ಆದರೆ ಆಳುವವರು ಅನೇಕರು. ಮೀರಜ, ತಾಸಗಾಂವಗಳ ಪಟವರ್ಧನರು, ನಿಪ್ಪಾಣಿಯ ದೇಸಾಯಿ, ಕಿತ್ತೂರಿನ ದೇಸಾಯಿ, ಕೊಲ್ಲಾಪುರದ ಮಹಾರಾಜ ಹೀಗೆ ಒಬ್ಬೊಬ್ಬರದು ಒಂದೊಂದು ತುಂಡು. ಇಂದು ಗೆದ್ದವರು ನಾಳೆ ಬಿಡುತ್ತಿದ್ದರು. ದಂಡು ಬಂದಾಗಲೆಲ್ಲ ರೈತ ತೆರುತ್ತಿದ್ದ. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಬಂದ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್, ಮಲಪ್ರಭೆಯ ದಂಡೆಯ ಮುನವಳ್ಳಿಯ ಬಳಿ ಅವನ ಪಡೆಯನ್ನು ಹೊಡೆದಿದ್ದ. ಕಂಪನಿಯ ಸಿಪಾಯಿಗಳು ಈ ನೆಲಕ್ಕೆ ಹೊಸಬರೇನೂ ಆಗಿರಲಿಲ್ಲ.

1817ರ ಜೂನಿನಲ್ಲಿ ಕಂಪನಿ ಎರಡನೆಯ ಬಾಜೀರಾಯನ ಮೇಲೆ ಪುಣೆ ಒಪ್ಪಂದವನ್ನು ಹೇರಿತು. ಅದರ ಪ್ರಕಾರ ಧಾರವಾಡದ ಕೋಟೆ, ಕುಸುಗಲ್ಲ ಮುಂತಾದ ಪ್ರದೇಶಗಳು ಕಂಪನಿಗೆ ಬಂದವು. ಇವುಗಳನ್ನು ವಹಿಸಿಕೊಳ್ಳಲು ಕಮಿಷನರನಾಗಿ ಬಂದವನು ಮನ್ರೋ. ಆಗ ಅವನಿಗೆ 56 ವರ್ಷ. ಕಣ್ಣು ಮಂದವಾಗಿತ್ತು, ಕಿವಿಯೂ ಸರಿಯಾಗಿ ಕೇಳುತ್ತಿರಲಿಲ್ಲ. ಯುದ್ಧ ಬರಲಿದೆ ಎಂದು ಎಲ್ಲರಿಗೂ ಗೊತ್ತಿದ್ದ ಹೊತ್ತಿನಲ್ಲಿ ತನಗೆ ಸೈನ್ಯದ ಮುಂದಾಳುತನ ಸಿಗಲಿಲ್ಲವೆಂಬ ಅಸಮಾಧಾನವೂ ಅವನಲ್ಲಿತ್ತು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅದೇ ವರ್ಷ ಆಗಸ್ಟಿನಲ್ಲಿ ಮನ್ರೋ ಗವರ್ನರ್ ಜನರಲ್ ಲಾರ್ಡ್ ಹೇಸ್ಟಿಂಗ್ಸ್‌ನಿಗೆ ಒಂದು ಪತ್ರ ಬರೆದ. ದೇಶೀಯ ಅರಸರಿಗೆ ಕಂಪನಿ ತನ್ನ ಸೈನ್ಯವನ್ನು ಕೊಟ್ಟು ಕಾಪಾಡುವ ಪದ್ಧತಿಯಿಂದ ಅರಸರು ಕೈಲಾಗದವರಾಗುತ್ತಾರೆ, ಅವರ ಹಳ್ಳಿಗಳು ಹಾಳು ಬೀಳುತ್ತವೆ ಎಂದು ಅದರಲ್ಲಿ ಎಚ್ಚರಿಸಿದ. ಇಡೀ ಇಂಡಿಯಾ ಬ್ರಿಟಿಷರ ಕೈಗೆ ಬಂದರೆ ಜನರಿಗೆ ರಕ್ಷಣೆ ಸಿಕ್ಕೀತು, ಆದರೆ ಅವರ ಶೀಲ ಕುಗ್ಗುತ್ತದೆ ಎಂದೂ ಹೇಳಿದ. ತಮ್ಮ ನಾಡಿನ ಕಾನೂನು ಮಾಡುವುದರಲ್ಲಾಗಲಿ ದೊಡ್ಡ ಹುದ್ದೆಗಳಲ್ಲಾಗಲಿ ಪಾಲಿಲ್ಲದ ಜನ ಮೇಲೇಳುವುದು ಹೇಗೆ ಎಂಬುದು ಅವನ ಪ್ರಶ್ನೆಯಾಗಿತ್ತು. ಈ ಪತ್ರ ಬರೆದ ಮೂರು ತಿಂಗಳಿಗೆ ಯುದ್ಧ ಶುರುವಾಯಿತು. ಪತ್ರ ಬರೆದ ಕೈಯೇ ಒಂದು ಹೊಸ ನಾಡನ್ನು ಕಂಪನಿಗೆ ಸೇರಿಸಿತು.

ಸೈನ್ಯವಿಲ್ಲದ ಸೇನಾಪತಿ

1817ರ ನವೆಂಬರ್ 5ರಂದು ಪುಣೆಯ ಹತ್ತಿರದ ಖಡಕಿಯಲ್ಲಿ ಪೇಶ್ವೆಗೂ ಕಂಪನಿಗೂ ಯುದ್ಧ ಹೊತ್ತಿಕೊಂಡಿತು. ಕಂಪನಿಯ ದೊಡ್ಡ ಪಡೆಗಳೆಲ್ಲ ಉತ್ತರದಲ್ಲಿದ್ದವು. ಧಾರವಾಡದಲ್ಲಿದ್ದ ಮನ್ರೋನ ಬಳಿ ಕೋಟೆ ಕಾಯುವಷ್ಟು ಸಿಪಾಯಿಗಳಿದ್ದರೇ ಹೊರತು ನಾಡು ಗೆಲ್ಲುವಷ್ಟು ಇರಲಿಲ್ಲ. ಸುತ್ತಲಿನ ಕೋಟೆಗಳಲ್ಲಿ ಪೇಶ್ವೆಯ ಠಾಣ್ಯಗಳಿದ್ದವು. ಪೇಶ್ವೆಯ ಸೇನಾಪತಿ ಬಾಪು ಗೋಖಲೆಯ ಹಿಡಿತ ಈ ಭಾಗದಲ್ಲಿ ಬಲವಾಗಿತ್ತು.

ಮನ್ರೋ ಆಗ ತಾನು ಬಲ್ಲ ವಿದ್ಯೆಯನ್ನೇ ಬಳಸಿದ. ಅದು ಕಂದಾಯದ ವಿದ್ಯೆ. ಇನ್ನೂ ಶತ್ರುವಿನ ಕೈಯಲ್ಲಿದ್ದ ತಾಲ್ಲೂಕುಗಳಿಗೇ ತನ್ನ ಕಡೆಯಿಂದ ಅಮಲ್ದಾರರನ್ನು ನೇಮಿಸಿದ. ಅವರು ಊರೂರಿಗೆ ಹೋಗಿ ಸ್ಥಳೀಯ ಬಂಟರನ್ನು ಕೂಡಿಸಬೇಕು, ಹಳ್ಳಿಗಳನ್ನು ವಶಕ್ಕೆ ತೆಗೆದುಕೊಳ್ಳಬೇಕು, ಅಲ್ಲಿ ಬಂದ ಕಂದಾಯದಿಂದಲೇ ಬಂಟರ ಸಂಬಳ ಕೊಡಬೇಕು. ರೈತರಿಗೆ ಕೌಲು ಕೊಡಬೇಕು: ಪೇಶ್ವೆಯ ಕಾರಕೂನರಿಗೆ ಒಂದು ಕಾಸೂ ಕೊಡಬೇಡಿ, ಹೊಸ ಸರ್ಕಾರ ಹಗುರಾದ ಕಂದಾಯ ಹಾಕುತ್ತದೆ, ಸುಲಿಗೆ ಇರುವುದಿಲ್ಲ ಎಂದು. ಕೋಟೆಯ ಒಳಗಿದ್ದ ಠಾಣ್ಯಕ್ಕೆ ಹೊರಗಿನ ಹಳ್ಳಿಯಿಂದ ಹಣ, ಕಾಳು ಬರುವುದು ನಿಂತರೆ ಆ ಕೋಟೆ ಎಷ್ಟು ದಿನ ಬಾಳೀತು? ಲೆಕ್ಕ ಸರಳವಾಗಿತ್ತು. ಗೋಡೆಯನ್ನು ಹೊಡೆಯುವ ಮೊದಲು ಗೋಡೆಯನ್ನು ಸಾಕುವ ಹೊಲವನ್ನು ಬಿಡಿಸಿಕೊಳ್ಳುವುದು.

ನವಲಗುಂದಕ್ಕೆ ನೇಮಕವಾದ ರಾಮರಾವ್ ಎಂಬ ಅಮಲ್ದಾರ ಬಂಟರನ್ನು ಕಟ್ಟಿಕೊಂಡು ಹೋಗಿ, ಅಲ್ಲಿದ್ದ ಗೋಖಲೆಯ ಮಗನ ಕುದುರೆ ದಂಡನ್ನು ಕೋಟೆಯೊಳಕ್ಕೆ ಅಟ್ಟಿ ಊರನ್ನು ಹಿಡಿದ. ಮನ್ರೋ ಡಿಸೆಂಬರಿನಲ್ಲಿ ತಾನೇ ಅಲ್ಲಿಗೆ ಹೋಗಿ ಆ ಗೆಲುವನ್ನು ಭದ್ರಪಡಿಸಿದ. 1818ರ ಜನವರಿಯಲ್ಲಿ ಗದಗ, ಡಂಬಳ, ಹುಬ್ಬಳ್ಳಿಗಳು ಅವನ ಕೈಸೇರಿದವು. ಫೆಬ್ರುವರಿ 18ರಂದು ಬಾದಾಮಿಯ ಕೋಟೆಯನ್ನು ಏಣಿ ಹಾಕಿ ಹತ್ತಿದರು. ಬೆನ್ನಿಗೇ ಬಾಗಲಕೋಟೆ ಶರಣಾಯಿತು. ಎರಡು ದಿನಗಳ ತರುವಾಯ, ಫೆಬ್ರುವರಿ 20ರಂದು, ದೂರದ ಅಷ್ಟಿಯಲ್ಲಿ ಬಾಪು ಗೋಖಲೆ ಹೋರಾಡುತ್ತ ಸತ್ತ. ದಕ್ಷಿಣದ ಠಾಣ್ಯಗಳಿಗೆ ನೆರವಾಗಬಲ್ಲವರು ಇನ್ನಾರೂ ಉಳಿಯಲಿಲ್ಲ.

ಜನ ಏಕೆ ಮನ್ರೋನ ಮಾತಿಗೆ ಕಿವಿಗೊಟ್ಟರು? ಪೇಶ್ವೆಯ ಕೊನೆಗಾಲದಲ್ಲಿ ಕಂದಾಯ ವಸೂಲಿಯನ್ನು ಹೆಚ್ಚು ಹಣಕ್ಕೆ ಕೂಗಿದವರಿಗೆ ಗುತ್ತಿಗೆ ಕೊಡುತ್ತಿದ್ದರು. ಗುತ್ತಿಗೆದಾರನಿಗೆ ಮುಂದಿನ ವರ್ಷದ ಖಾತ್ರಿ ಇರಲಿಲ್ಲ. ಈ ವರ್ಷ ಹಿಂಡಿದಷ್ಟು ಲಾಭ. ಕನ್ನಡ ಮಾತನಾಡುವ ಗೌಡ, ಶೆಟ್ಟಿ, ರೈತರಿಗೆ ಪುಣೆಯ ದರಬಾರು ತಮ್ಮದೆನ್ನಿಸಲಿಲ್ಲ. ಹೊಸದಾಗಿ ಬಂದ ಇಂಗ್ಲಿಷರೂ ತಮ್ಮವರಲ್ಲ ಎಂದು ಅವರಿಗೆ ತಿಳಿಯದೆ ಇರಲಿಲ್ಲ. ಆದರೆ ಇಬ್ಬರು ಪರಕೀಯರಲ್ಲಿ ಕಡಿಮೆ ಕೇಳುವವನಿಗೆ ತೆರುವುದು ಹೊಟ್ಟೆಯ ಲೆಕ್ಕ. ಅದನ್ನು ದೇಶದ್ರೋಹ ಎಂದು ಈಗ ಕರೆಯುವುದು ಸುಲಭ, ಸರಿಯಲ್ಲ.

ಬೆಳಗಾವಿಯ ಮುತ್ತಿಗೆ

ಬಾಗಲಕೋಟೆಯಿಂದ ಮನ್ರೋನ ಪಡೆ ಘಟಪ್ರಭೆಯ ಸೀಮೆಯನ್ನು ಹಿಡಿದು ಪಶ್ಚಿಮಕ್ಕೆ ಬಂತು. ಈಗ ಹುಕ್ಕೇರಿ ತಾಲ್ಲೂಕಿನಲ್ಲಿರುವ ಪಾಚ್ಛಾಪುರ, ಅಂದಿನ ಕಾಗದಪತ್ರಗಳ ಬಾದಶಹಪುರ, ಹೋರಾಟವಿಲ್ಲದೆ ಬಾಗಿಲು ತೆರೆಯಿತು. ಮಾರ್ಚ್ 20ರ ಸುಮಾರಿಗೆ ಪಡೆ ಬೆಳಗಾವಿಯ ಮುಂದೆ ನಿಂತಿತು.

ಬೆಳಗಾವಿಯ ಕೋಟೆ ಬಯಲಿನಲ್ಲಿದ್ದರೂ ಸುತ್ತ ಆಳವಾದ ನೀರಿನ ಕಂದಕವಿತ್ತು. ಒಳಗೆ 1,600 ಜನ ಕಾವಲಿದ್ದರು. ಮನ್ರೋನ ಬಳಿ ಇದ್ದ ಫಿರಂಗಿಗಳು ಹಳೆಯವು, ಸಾಲದವು. ಆದರೂ ಮುತ್ತಿಗೆ 21 ದಿನ ನಡೆದು, ಏಪ್ರಿಲ್ 10ರಂದು ಕೋಟೆ ಶರಣಾಯಿತು. ಮುತ್ತಿದವರ ಕಡೆ 11 ಜನ ಸತ್ತು 12 ಜನ ಗಾಯಗೊಂಡರು. ಒಳಗಿನವರಲ್ಲಿ 20 ಜನ ಸತ್ತು 50 ಜನ ಗಾಯಗೊಂಡರು. ಒಂದು ನಾಡಿನ ಹಣೆಬರಹ ಬದಲಿಸಿದ ಯುದ್ಧಕ್ಕೆ ಇದು ಬಹಳ ಸಣ್ಣ ಲೆಕ್ಕ.

ಈ ಮುತ್ತಿಗೆಯಲ್ಲಿ ಮನ್ರೋನಿಗೆ ನೆರವಾದವರಲ್ಲಿ ಒಬ್ಬನ ಹೆಸರನ್ನು ನೆನಪಿಡಬೇಕು. ಅವನು ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ, ಮಲ್ಲಸರ್ಜನ ಮಗ. ಮಲ್ಲಸರ್ಜನನ್ನು ಪೇಶ್ವೆ ಪುಣೆಯಲ್ಲಿ ಸೆರೆಯಿಟ್ಟಿದ್ದ; ಬಿಡುಗಡೆಯಾಗಿ ಊರಿಗೆ ಮರಳುವ ಹೊತ್ತಿಗೆ ಅವನ ಆಯುಷ್ಯ ಮುಗಿದಿತ್ತು. ಪೇಶ್ವೆಯ ಮೇಲೆ ಮಗನಿಗೆ ಸಿಟ್ಟಿದ್ದದ್ದು ಸಹಜ. ನೆರವಿಗೆ ಪ್ರತಿಯಾಗಿ ಮನ್ರೋ ಕಿತ್ತೂರು ಸಂಸ್ಥಾನವನ್ನು ಕಪ್ಪದ ಷರತ್ತಿನ ಮೇಲೆ ಅವನಿಗೇ ಉಳಿಸಿದ.

ಏಪ್ರಿಲ್ 22ರಂದು, ಈಗಿನ ಚಿಕ್ಕೋಡಿ ತಾಲ್ಲೂಕಿನ ನಾಗರಮುನ್ನೋಳಿಯಲ್ಲಿ, ಉತ್ತರದಿಂದ ಬಂದ ಪ್ರಿಟ್ಜ್‌ಲರನ ಪಡೆ ಮನ್ರೋನನ್ನು ಕೂಡಿಕೊಂಡಿತು. ಬ್ರಿಗೇಡಿಯರ್ ಜನರಲ್ ಎಂಬ ಹುದ್ದೆಗೆ ತಕ್ಕ ಸೈನ್ಯ ಅವನಿಗೆ ಸಿಕ್ಕಿದ್ದು ಆಗಲೇ. ನಿಪ್ಪಾಣಿಯ ಮೇಲಿಂದ ಕೃಷ್ಣೆ, ಭೀಮೆಗಳನ್ನು ದಾಟಿ ಮೇ ತಿಂಗಳ ನಡುವಿನಲ್ಲಿ ಸೊಲ್ಲಾಪುರದ ಕೋಟೆಯನ್ನು ಅವನು ಹಿಡಿದ. ಜೂನ್ 3ರಂದು ಬಾಜೀರಾಯ ಶರಣಾದ. ಮರುವರ್ಷ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಕ್ಯಾನಿಂಗ್ ಈ ದಂಡಯಾತ್ರೆಯನ್ನು ಹೊಗಳಿದ. ಐದಾರು ನೂರು ಸಿಪಾಯಿಗಳೊಡನೆ ಹೊರಟು, ಒಂಬತ್ತು ಕೋಟೆಗಳನ್ನು ಗೆದ್ದು, ಗದ್ದಲವಿಲ್ಲದೆ ನಾಡನ್ನು ಕೂಡಿಸಿದ ಎಂಬುದು ಆ ಹೊಗಳಿಕೆಯ ಸಾರ.

ಯಾರಿಗೆ ಏನು ದಕ್ಕಿತು

ಗೆದ್ದ ಮೇಲೆ ಹಂಚಿಕೆ. ಪಟವರ್ಧನರಂಥ ಜಹಗೀರುದಾರರು ಪೇಶ್ವೆಯನ್ನು ಬಿಟ್ಟು ಬಂದರೆ ಅವರ ಜಹಗೀರು ಉಳಿಸುವುದೆಂದು ಪುಣೆಯ ಎಲ್ಫಿನ್‌ಸ್ಟನ್ ಮಾತು ಕೊಟ್ಟಿದ್ದ. ಆದ್ದರಿಂದ ಘಟಪ್ರಭೆಯ ಸೀಮೆಯೆಲ್ಲ ಒಂದೇ ಸಲಕ್ಕೆ ಕಂಪನಿಯದಾಗಲಿಲ್ಲ. ಗೋಕಾಕ ಮತ್ತು ಅದಕ್ಕೆ ಸೇರಿದ ಹಳ್ಳಿಗಳು ಬ್ರಿಟಿಷರ ನೇರ ಆಡಳಿತಕ್ಕೆ ಬಂದದ್ದು 1836ರಲ್ಲಿ, ಗೋವಿಂದರಾವ್ ಪಟವರ್ಧನನ ಮರಣದ ತರುವಾಯ. ಹುಕ್ಕೇರಿಯ ನೆರೆಯ ಚಿಕ್ಕೋಡಿ ಹಾಗೂ ಮುನವಳ್ಳಿ ಸೀಮೆಗಳನ್ನು ನಿಪ್ಪಾಣಿಯಿಂದ ಬಿಡಿಸಿ, ನೆರವಿನ ಋಣಕ್ಕಾಗಿ ಕೊಲ್ಲಾಪುರಕ್ಕೆ ಕೊಟ್ಟರು. 1827ರ ಒಪ್ಪಂದದಲ್ಲಿ ಅವನ್ನೇ ಮರಳಿ ಪಡೆದರು. ಕೊಡುವುದೂ ಕಸಿಯುವುದೂ ಈಗ ಒಂದೇ ಕೈಯ ಕೆಲಸವಾಗಿತ್ತು.

ಮನ್ರೋ ತನ್ನ ಸ್ಥಾನವನ್ನು ಚಾಪ್ಲಿನ್ನನಿಗೆ ವಹಿಸಿ ಹೊರಟ. ಚಾಪ್ಲಿನ್ ದತ್ತಮಂಡಲದಲ್ಲಿ ಮನ್ರೋನ ಕೈಕೆಳಗೆ ಪಳಗಿದವನು. ಅವನೊಡನೆ ಮದ್ರಾಸ್ ಸೇವೆಯ ಸೇಂಟ್ ಜಾನ್ ಥ್ಯಾಕರೆಯೂ ಬಂದ. ಮನ್ರೋ ಸ್ವದೇಶಕ್ಕೆ ಹೋಗಿ, ‘ಸರ್’ ಪದವಿ ಪಡೆದು, 1820ರ ಜೂನಿನಲ್ಲಿ ಮದ್ರಾಸಿನ ಗವರ್ನರನಾಗಿ ಮರಳಿ ಬಂದ.

ಕಿತ್ತೂರಿನಲ್ಲಿ ಬಿದ್ದ ಮನ್ರೋ

1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುನ್ನ ದತ್ತು ತೆಗೆದುಕೊಂಡದ್ದನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಬೆಳಗಾವಿಯ ಮುತ್ತಿಗೆಯ ಋಣ ಆರೇ ವರ್ಷಕ್ಕೆ ಮರೆತುಹೋಗಿತ್ತು. ಅಕ್ಟೋಬರ್ 23ರಂದು ಥ್ಯಾಕರೆ ಕಿತ್ತೂರಿನ ಕೋಟೆಯ ಬಾಗಿಲ ಮುಂದೆ ಸತ್ತುಬಿದ್ದ. ರಾಣಿ ಚನ್ನಮ್ಮನ ಹೆಸರು ನಾಡಿನ ನಾಲಿಗೆಯ ಮೇಲೆ ನಿಂತಿತು.

ಡಿಸೆಂಬರಿನ ಮೊದಲ ವಾರದಲ್ಲಿ ಕಂಪನಿಯ ದೊಡ್ಡ ಸೈನ್ಯ ಕಿತ್ತೂರನ್ನು ಮುತ್ತಿತು. ಐದನೆಯ ತಾರೀಖಿಗೆ ಕೋಟೆ ಬಿತ್ತು. ಆ ದಾಳಿಯಲ್ಲಿ ಪ್ರಾಣಾಂತಿಕವಾಗಿ ಗಾಯಗೊಂಡವರಲ್ಲಿ ಸೊಲ್ಲಾಪುರದ ಸಬ್ ಕಲೆಕ್ಟರ್ ಒಬ್ಬನಿದ್ದ. ಅವನ ಹೆಸರೂ ಮನ್ರೋ. ಸರ್ ಥಾಮಸ್ ಮನ್ರೋನ ಸೋದರನ ಮಗ. ಚಿಕ್ಕಪ್ಪ ಹಿಡಿದ ಸೊಲ್ಲಾಪುರದಲ್ಲಿ ಅಧಿಕಾರಿಯಾಗಿದ್ದವನು, ಚಿಕ್ಕಪ್ಪ ಉಳಿಸಿಕೊಟ್ಟ ಸಂಸ್ಥಾನವನ್ನು ಅಳಿಸಲು ಬಂದು ಅಲ್ಲೇ ಮುಗಿದ.

1818ರಲ್ಲಿ ಸುಮ್ಮನಿದ್ದ ಸೀಮೆ 1824ರಲ್ಲಿ ಏಕೆ ಸಿಡಿಯಿತು? ಹಳೆಯ ಮಾತಿನಂತೆ ನಡೆಯುವ ಸರ್ಕಾರ ಇದು ಎಂಬ ನಂಬಿಕೆಯ ಮೇಲೆ ಮೊದಲ ಗೆಲುವು ನಿಂತಿತ್ತು. ದತ್ತಕದ ಹಕ್ಕು ಕಿತ್ತೂರಿನವರ ಕಣ್ಣಿಗೆ ಆ ಮಾತಿನ ಭಾಗವೇ ಆಗಿತ್ತು. ಕಾಗದದ ಷರತ್ತನ್ನು ಮಾತ್ರ ನೋಡಿದ ಅಧಿಕಾರಿಗೆ ಅದು ಕಾಣಲಿಲ್ಲ. ಸಂಸ್ಥಾನಿಕರನ್ನು ಅಡ್ಡಿಯೆಂದು ಎಣಿಸುವುದನ್ನು ಆ ಅಧಿಕಾರಿಗಳ ಪೀಳಿಗೆಗೆ ಕಲಿಸಿದವರಲ್ಲಿ ಮನ್ರೋ ಮೊದಲಿಗ. ಪಾಳೆಯಗಾರರನ್ನು ಮುರಿದ ಅವನ ಪಾಠವನ್ನು ಶಿಷ್ಯರು ಚೆನ್ನಾಗಿ ಕಲಿತಿದ್ದರು. ಬೆಳಗಾವಿಯ ಮುಂದೆ ಅವನು ತೋರಿದ ಜಾಣ್ಮೆಯನ್ನು ಕಲಿತಿರಲಿಲ್ಲ.

ಹಗುರಾದ ಕಂದಾಯದ ಮಾತೂ ಹಾಗೆಯೇ. ದತ್ತಮಂಡಲವನ್ನು ಬಿಟ್ಟು ಹೋಗುವಾಗಲೇ ಅಲ್ಲಿಯ ಕಂದಾಯವನ್ನು ಕಾಲು ಭಾಗ ಇಳಿಸಬೇಕೆಂದು ಮನ್ರೋ ಶಿಫಾರಸು ಮಾಡಿದ್ದ. ಕಂಪನಿಗೆ ಹಣ ಬೇಕಿತ್ತು. ಆಗ ಅದು ಜಾರಿಗೆ ಬರಲಿಲ್ಲ. ರೈತವಾರಿ ಎಂಬ ಹೆಸರು ಉಳಿಯಿತು, ರೈತನ ಮೇಲಿನ ಭಾರವೂ ಉಳಿಯಿತು.

ವರ್ಷದ ಕೊನೆಯ ದಿನದ ಬರಹ

ಕಿತ್ತೂರು ಬಿದ್ದು ಒಂದು ತಿಂಗಳೂ ಆಗಿರಲಿಲ್ಲ. 1824ರ ಡಿಸೆಂಬರ್ 31ರಂದು ಗವರ್ನರ್ ಮನ್ರೋ ನಾಡಿನ ಸ್ಥಿತಿಯ ಬಗೆಗೆ ಒಂದು ದೀರ್ಘ ಟಿಪ್ಪಣಿಗೆ ಸಹಿ ಹಾಕಿದ. ಅದು ಅವನ ಬರಹಗಳಲ್ಲೆಲ್ಲ ಹೆಸರಾದದ್ದು. ಈ ದೇಶದವರನ್ನು ದೊಡ್ಡ ಹುದ್ದೆಗಳಿಂದ ದೂರವಿಟ್ಟು ಅವರಲ್ಲಿ ಶೀಲವಿಲ್ಲ ಎನ್ನುವುದು ಅನ್ಯಾಯ, ಜವಾಬ್ದಾರಿ ಕೊಡದೆ ಯೋಗ್ಯತೆ ಬೆಳೆಯುವುದಿಲ್ಲ ಎಂದು ಅವನು ಅದರಲ್ಲಿ ವಾದಿಸಿದ. ಇಲ್ಲಿಯ ಜನ ತಮ್ಮನ್ನು ತಾವೇ ಆಳಿಕೊಳ್ಳುವಷ್ಟು ಬೆಳೆದ ದಿನ ಬ್ರಿಟಿಷರು ಹಿಡಿತ ಬಿಡುವುದೇ ಲೇಸು ಎಂಬ ಮಾತೂ ಅದರಲ್ಲಿದೆ. 1824ರಲ್ಲಿ ಒಬ್ಬ ಗವರ್ನರ್ ಹೀಗೆ ಬರೆದದ್ದು ದೊಡ್ಡ ಸಂಗತಿ. ಆದರೆ ಆ ದಿನ ಯಾವಾಗ ಬಂತೆಂದು ತೀರ್ಮಾನಿಸುವ ಅಧಿಕಾರ ಮಾತ್ರ ಆಳುವವರಲ್ಲೇ ಉಳಿದಿತ್ತು. ಚನ್ನಮ್ಮ ಅಷ್ಟು ಹೊತ್ತಿಗೆ ಸೆರೆಯಲ್ಲಿದ್ದಳು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು.

ಮನ್ರೋ 1827ರಲ್ಲಿ ತನ್ನ ಹಳೆಯ ದತ್ತಮಂಡಲವನ್ನು ಕೊನೆಯ ಸಲ ನೋಡಲು ಹೋದ. ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ತಗುಲಿ ಸತ್ತ. ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳು ಬೃಂದಾವನದಿಂದ ಅವನೊಡನೆ ಮಾತನಾಡಿದರು ಎಂಬ ಪ್ರತೀತಿ ಇದೆ. ಬಳ್ಳಾರಿ, ಕಡಪ ಸೀಮೆಗಳಲ್ಲಿ ಮಕ್ಕಳಿಗೆ ಅವನ ಹೆಸರಿಡುತ್ತಿದ್ದರಂತೆ. ಮದ್ರಾಸಿನಲ್ಲಿ ಅವನ ಕುದುರೆಯ ಮೇಲಿನ ಕಂಚಿನ ಪ್ರತಿಮೆ ನಿಂತಿತು.

ಬೆಳಗಾವಿ ಸೀಮೆಯಲ್ಲಿ ಅಂಥ ಕಥೆಗಳು ಹುಟ್ಟಲಿಲ್ಲ. ಇಲ್ಲಿ ಅವನು ಕಳೆದದ್ದು ಒಂದು ವರ್ಷಕ್ಕೂ ಕಡಿಮೆ. ಬೆಳಗಾವಿಯ ಕೋಟೆಯ ಗೋಡೆ, ಕಂದಕಗಳು ಇಂದೂ ಇವೆ. ಆದರೆ ಘಟಪ್ರಭೆಯ ದಂಡೆಯ ಹಾಡು, ಲಾವಣಿಗಳಲ್ಲಿ ಉಳಿದವರು ಚನ್ನಮ್ಮ ಮತ್ತು ಸಂಗೊಳ್ಳಿ ರಾಯಣ್ಣ. ಹಗುರಾದ ಕಂದಾಯದ ಮಾತು ಕೊಟ್ಟು ನಾಡನ್ನು ಗೆದ್ದವನ ಹೆಸರನ್ನು ಜನ ನೆನಪಿಟ್ಟುಕೊಳ್ಳಲಿಲ್ಲ. ಕೊಟ್ಟ ಮಾತು ತಪ್ಪಿದಾಗ ಎದುರು ನಿಂತವರ ಹೆಸರನ್ನು ಮರೆಯಲಿಲ್ಲ.